ತುಂಗೆಯಲ್ಲಿ ಸಾರಮೇಯರ ಜಲಕ್ರೀಡೆ

ಮಲೆನಾಡೆಂದರೆ ವರ್ಷದ ಹನ್ನೆರಡು ತಿಂಗಳೂ ತಂಪಾಗಿರುವ ಸೀಮೆಯೆಂದು ಬಯಲುನಾಡಿನವರು ಭಾವಿಸುವುದುಂಟು. ಚೈತ್ರ ವೈಶಾಖಗಳಲ್ಲಿ ತೀರ್ಥಹಳ್ಳಿಯ ಕಡೆಗೆ ಬಂದು ನಾಲ್ಕು ದಿನ ನಿಂತವರಿಗೆ ಆ ಭ್ರಮೆಯು ತಾನಾಗಿಯೇ ಹರಿದುಹೋಗುತ್ತದೆ. ಬಯಲುಸೀಮೆಯ ಬಿಸಿಲು ಸುಡುತ್ತದೆ. ನಮ್ಮ ಬಿಸಿಲು ಬೇಯಿಸುತ್ತದೆ. ಮೋಡ ಕಟ್ಟಿಯೂ ಮಳೆ ಬೀಳದೆ, ಎಲೆ ಅಲುಗದೆ, ಮೈಯ ಬೆವರು ಮೈಯಲ್ಲಿಯೇ ನಿಂತುಬಿಡುವ ಆ ದಿನಗಳಲ್ಲಿ ಮನುಷ್ಯನಿಗಾದರೋ ಪಾನಕವುಂಟು, ಮಜ್ಜಿಗೆಯುಂಟು, ಬೀಸಣಿಗೆಯುಂಟು, ವಿದ್ಯುತ್ತಿನ ಕೃಪೆಯಿದ್ದರೆ ಪಂಖವೂ ಉಂಟು. ಬಾಗಿಲಲ್ಲಿ ಬಿದ್ದಿರುವ ನಾಯಿಗೆ ಏನುಂಟು? ನಮ್ಮ ಮನೆಯ ಕರಿಯನು ಒಂಬತ್ತು ವರ್ಷದ ನಾಡುನಾಯಿ. ಬೆಳಗ್ಗೆ ಬಚ್ಚಲ ಹಿಂದಿನ ಕೆಸರು, ಹೊತ್ತೇರಿದ ಮೇಲೆ ಬಾವಿಕಟ್ಟೆಯ ನೆರಳು, ಮಧ್ಯಾಹ್ನ ಅಡಕೆ ಮರದ ಬುಡದಲ್ಲಿ ತಾನೇ ಕೆದರಿಕೊಂಡ ಗುಂಡಿ, ಹೀಗೆ ದಿನಕ್ಕೆ ಮೂರು ಮನೆ ಬದಲಾಯಿಸಿದರೂ ಅವನ ತೇಕು ನಿಲ್ಲುವುದಿಲ್ಲ.

ಇದಕ್ಕೆ ಕಾರಣವನ್ನು ಶರೀರಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರು ಹೊರಡುವುದಿಲ್ಲ. ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ ಕೊಂಚ ಬೆವರುಂಟು. ಉಳಿದ ಸೆಕೆಯನ್ನೆಲ್ಲಾ ಅದು ನಾಲಗೆ ನೀಡಿ ತೇಕುತ್ತಾ, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸಿಯೇ ಕಳೆಯಬೇಕು. ಗಾಳಿಯಲ್ಲಿಯೇ ನೀರಿನ ಅಂಶವು ತುಂಬಿದ್ದರೆ ಈ ಉಪಾಯವೂ ಸಾಗದು. ಆರೋಗ್ಯವಾಗಿರುವ ನಾಯಿಯ ಮೈಶಾಖವು ಸುಮಾರು ೩೮ರಿಂದ ೩೯ ಸೆಂಟಿಗ್ರೇಡು; ೪೧ನ್ನು ಮೀರಿತೆಂದರೆ ಪ್ರಾಣಕ್ಕೇ ಅಪಾಯ. ಈಗ ಪೇಟೆಗಳಲ್ಲಿ ಬಹಳವಾಗಿ ಸಾಕುತ್ತಿರುವ ಪಗ್ ಮೊದಲಾದ ಚಪ್ಪಟೆಮೂಗಿನ ಜಾತಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟಾದುದರಿಂದ ಅವುಗಳ ಪಾಡು ಇನ್ನೂ ಕಷ್ಟ. ನೋಡುವುದಕ್ಕೆ ಮುದ್ದಾಗಿದೆಯೆಂದು ಒಂದು ಪ್ರಾಣಿಯ ಮೂಗನ್ನೇ ತಲೆಮಾರುಗಳಿಂದ ಒತ್ತಿಬಿಟ್ಟಿರುವ ಮನುಷ್ಯನ ಶೋಕಿಯನ್ನು ನಾವು ಮೆಚ್ಚಲಾರೆವು. ಅದಿರಲಿ.

ಈ ವರ್ಷದ ಬೇಸಗೆ ರಜೆಗೆ ನಮ್ಮ ಮಗಳು ಬೆಂಗಳೂರಿನಿಂದ ಬಂದಾಗ ಹದಿಮೂರು ವರ್ಷದ ಮೊಮ್ಮಗ, ಒಂಬತ್ತು ವರ್ಷದ ಮೊಮ್ಮಗಳು, ಇವರೊಡನೆ ಬ್ರೂನೊ ಎಂಬ ಒಂದು ಲ್ಯಾಬ್ರಡಾರ್ ನಾಯಿಯೂ ಕಾರಿನಿಂದಿಳಿಯಿತು. ಹೊಂಬಣ್ಣದ ದಪ್ಪ ತುಪ್ಪಳ, ಅಗಲ ಎದೆ, ಯಾರನ್ನು ಕಂಡರೂ ಬಾಲ ಬೀಸುವ ಸ್ವಭಾವ. ಆದರೆ ನಮ್ಮ ಸೆಕೆಗೆ ಅದು ಎರಡೇ ದಿನದಲ್ಲಿ ಅನ್ನ ಬಿಟ್ಟಿತು. ಬೆಂಗಳೂರಿನಲ್ಲಿ ನಾಯಿಗಳಿಗೆಂದೇ ಈಜುಕೊಳಗಳಿವೆಯೆಂದೂ, ಹಣ ತೆತ್ತು ಅಲ್ಲಿ ಈಜಾಡಿಸಿಕೊಂಡು ಬರುತ್ತಾರೆಂದೂ ಮಕ್ಕಳು ಹೇಳಿದರು. ಬ್ರೂನೊಗೆ ಆ ಭಾಗ್ಯವೂ ಒದಗಿರಲಿಲ್ಲ. ಬಚ್ಚಲಮನೆಯ ಬಕೀಟೇ ಅದು ಕಂಡ ಸಮುದ್ರ. ಮೂರು ಮೈಲಿಯ ದೂರದಲ್ಲಿ ತುಂಗೆಯು ಹರಿಯುತ್ತಿರುವಾಗ ಇದೇನು ಬಡತನವೆಂದು ನಾವು ಹೊಳೆಗೆ ಹೊರಡುವ ನಿಶ್ಚಯ ಮಾಡಿದೆವು.

ಲ್ಯಾಬ್ರಡಾರ್ ಜಾತಿಯ ಪೂರ್ವೋತ್ತರವನ್ನು ತಿಳಿದವರಿಗೆ ಬಕೀಟಿನ ಮಾತು ಇನ್ನೂ ವಿಷಾದಕರವಾಗಿ ತೋರುವುದು. ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪದಲ್ಲಿ ಬೆಸ್ತರ ಬಳಿ ಇದ್ದ ನೀರಿನ ನಾಯಿಗಳೇ ಇವುಗಳ ಮೂಲಪುರುಷರು. ಬಲೆಯ ಹಗ್ಗವನ್ನು ಎಳೆದು ತರುವುದು, ತಪ್ಪಿಸಿಕೊಂಡ ಮೀನನ್ನು ಹಿಡಿದು ತರುವುದು ಅವುಗಳ ಕಸಬು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಇಂಗ್ಲೆಂಡಿಗೆ ಹೋಗಿ, ೧೯೦೩ರಲ್ಲಿ ಅಲ್ಲಿಯ ಕೆನಲ್ ಕ್ಲಬ್ಬಿನಿಂದ ಪ್ರತ್ಯೇಕ ಜಾತಿಯೆಂಬ ಮನ್ನಣೆ ಪಡೆದುವು. ಎರಡು ಪದರದ ಜಿಡ್ಡು ತುಪ್ಪಳ, ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಲ್ಲಿರುವಂಥ ತೊಗಲು, ಬುಡದಲ್ಲಿ ದಪ್ಪನಾಗಿ ತುದಿಗೆ ಸಣ್ಣಗಾಗುವ ಬಾಲ, ಇವೆಲ್ಲಾ ನೀರಿಗಾಗಿಯೇ ಒದಗಿದ ಅಂಗಗಳು. ಆ ಬಾಲಕ್ಕೆ ಇಂಗ್ಲಿಷರು ‘ನೀರುನಾಯಿಯ ಬಾಲ’ ಎಂದೇ ಹೆಸರಿಟ್ಟಿದ್ದಾರೆ.

ನೀರುನಾಯಿಯ ಮಾತು ಬಂದುದರಿಂದ ಒಂದು ಪದವಿಚಾರವನ್ನು ಹೇಳದೆ ಮುಂದಕ್ಕೆ ಹೋಗಲು ನಮ್ಮ ಹಳೆಯ ಕಸಬು ಬಿಡದು. ಹೊಳೆಯಲ್ಲಿ ಮೀನು ಹಿಡಿದು ತಿನ್ನುವ ಈ ಪ್ರಾಣಿಗೆ ಸಂಸ್ಕೃತದಲ್ಲಿ ಉದ್ರವೆಂದಲ್ಲದೆ ಜಲಮಾರ್ಜಾರವೆಂದೂ ಜಲನಕುಲವೆಂದೂ ಹೆಸರುಂಟು; ಎಂದರೆ ನೀರಿನ ಬೆಕ್ಕು, ನೀರಿನ ಮುಂಗುಸಿ. ಕನ್ನಡಿಗನೋ ಅದನ್ನು ನೀರುನಾಯಿ ಎಂದ. ಇಂದಿನ ಪ್ರಾಣಿಶಾಸ್ತ್ರಜ್ಞರು ಮಾಂಸಾಹಾರಿ ಮೃಗಗಳನ್ನು ಎರಡು ಶಾಖೆಗಳಾಗಿ ವಿಂಗಡಿಸಿ, ಬೆಕ್ಕು ಮುಂಗುಸಿಗಳನ್ನು ಒಂದರಲ್ಲಿಯೂ, ನಾಯಿ ಕರಡಿಗಳನ್ನು ಇನ್ನೊಂದರಲ್ಲಿಯೂ ಇಡುತ್ತಾರೆ. ನೀರುನಾಯಿಯು ನಾಯಿಯ ಶಾಖೆಗೇ ಸೇರಿದ್ದು. ಸಂಸ್ಕೃತದ ಅನ್ನವುಂಡ ನಾವು ಈ ಒಂದು ವಿಷಯದಲ್ಲಿ ನಮ್ಮ ಹೊಳೆಯ ಬೆಸ್ತರಿಗೆ ತಲೆಬಾಗಲೇಬೇಕು.

ಮಧ್ಯಾಹ್ನ ಮೂರೂವರೆಗೆ ಹೊರಟೆವು. ಅವಲಕ್ಕಿ, ಮೊಸರು, ನಾಲ್ಕು ತೊಡೆದೇವು ಬುತ್ತಿಯಲ್ಲಿದ್ದವು. ನಾಯಿಗಳಿಗೆ ಹೊಟ್ಟೆ ತುಂಬ ಉಣಿಸಿ ಈಜಿಗೆ ಬಿಡಬಾರದಾದುದರಿಂದ ಅವುಗಳ ಊಟ ಹಿಂದಿರುಗಿದ ಮೇಲೆಂದು ನಿಶ್ಚಯವಾಗಿತ್ತು. ಕಾಡಿನೊಳಗಿನ ಒಳದಾರಿಯು ಹತ್ತಿರವೂ ನೆರಳೂ ಆಗಿತ್ತು. ಆದರೂ ಕಾರಿನಲ್ಲಿ ಡಾಂಬರು ರಸ್ತೆಯನ್ನೇ ಹಿಡಿದೆವು. ನಮ್ಮ ಜಿಲ್ಲೆಯವರೇ ಆದ ವಾಚಕರಿಗೆ ಇದರ ಕಾರಣವನ್ನು ಹೇಳಬೇಕಾದುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ೧೯೫೭ರಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಯು ಹಬ್ಬುವುದು ಕಾಡಿನ ಉಣುಗುಗಳಿಂದ, ಅದೂ ಮುಖ್ಯವಾಗಿ ಮಳೆಗೆ ಮುಂಚಿನ ಈ ಒಣ ತಿಂಗಳುಗಳಲ್ಲಿ. ತರಗೆಲೆಯ ಮೇಲೆ ಮೂಸುತ್ತಾ ಹೋಗುವ ನಾಯಿಯು ಉಣುಗನ್ನು ಮೈಮೇಲೆ ಹೊತ್ತು ಮನೆಯ ಜಗಲಿಗೆ ತರಬಲ್ಲುದು.

ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಹಾದು, ತೀರ್ಥಹಳ್ಳಿಯನ್ನು ಬಳಸಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡುವವರೆಗೆ ತುಂಗೆಯು ತುಂಗೆಯಾಗಿ ಹರಿಯುವುದು ಹೆಚ್ಚು ದೂರವಲ್ಲ. ಆದರೆ ಗಂಗಾಸ್ನಾನ ತುಂಗಾಪಾನವೆಂಬ ನಾಣ್ಣುಡಿಯಿಂದ ಅವಳ ನೀರಿನ ಸವಿಯು ದೇಶಕ್ಕೆಲ್ಲಾ ಗೊತ್ತು. ಮಳೆಗಾಲದಲ್ಲಿ ಅವಳನ್ನು ಕಂಡವರು ಬೇಸಗೆಯಲ್ಲಿ ಗುರುತಿಸಲಾರರು. ಆಷಾಢದಲ್ಲಿ ರಾಮಮಂಟಪದ ಮೆಟ್ಟಿಲನ್ನು ನುಂಗಿ ಮೊರೆಯುವ ಹೊಳೆಯು ವೈಶಾಖದಲ್ಲಿ ಕರಿಯ ಬಂಡೆಗಳ ನಡುವೆ ನಾಲ್ಕಾರು ಕವಲಾಗಿ, ಕೆಲವೆಡೆ ಮೊಣಕಾಲುದ್ದ, ಕೆಲವೆಡೆ ಆಳು ಮುಳುಗುವ ಮಡು, ಹೀಗೆ ತನ್ನ ಎಲುಬನ್ನು ತೋರಿಸುತ್ತಾ ಮಲಗಿರುತ್ತದೆ. ಪರಶುರಾಮನು ತನ್ನ ಕೊಡಲಿಯ ನೆತ್ತರ ಕಲೆಯನ್ನು ತೊಳೆದನೆಂಬ ತೀರ್ಥವು ಇಲ್ಲಿಯೇ ಇರುವುದು. ಎಳ್ಳಮಾವಾಸ್ಯೆಯ ಜಾತ್ರೆಗೆ ಮೀಯಲು ಬರುವ ಜನಕ್ಕೆ ಲೆಕ್ಕವಿಲ್ಲ.

ಸ್ನಾನಘಟ್ಟದ ಮೇಲುಗಡೆಯಲ್ಲಿ ಕಾರು ನಿಲ್ಲಿಸಿ ಇಳಿಯುತ್ತಿದ್ದಂತೆ, ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಮೆಟ್ಟಿಲೇರುತ್ತಿದ್ದ ಎಂಬತ್ತರ ಸುಮಾರಿನ ಒಬ್ಬ ತಾಯಿಯು ನಮ್ಮನ್ನೂ ನಾಯಿಗಳನ್ನೂ ಕಂಡು ನಿಂತರು. ಅವರ ಮಕ್ಕಳಿಬ್ಬರು ನಮ್ಮಲ್ಲಿ ಓದಿದವರು.

“ಮೇಷ್ಟ್ರೇ, ನೀವು ತಿಳಿದವರು. ಘಟ್ಟಕ್ಕೆ ನಾಯಿ ಇಳಿಸಿದರೆ ನಾವು ಆಚಮನ ಮಾಡುವುದು ಹೇಗೆ?”

“ಇಲ್ಲಿ ಇಳಿಸುವುದಿಲ್ಲ ಅಮ್ಮಾ. ಊರು ದಾಟಿ ಕೆಳಗಣ ಮಳಲಿಗೆ ಹೋಗುತ್ತೇವೆ.”

“ಹಾಗಾದರೆ ಸರಿ,” ಎಂದು ಅವರು ಕರಿಯನ ಕಡೆಗೆ ನೋಡಿ, “ಪಾಪ, ಅದಕ್ಕೂ ಸೆಕೆಯೇ ತಾನೆ. ಬೇಗ ಕರಕೊಂಡು ಹೋಗಿ,” ಎಂದರು.

ದಾರಿಯಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜ, ನಾಯಿ ಮುಟ್ಟಿದರೆ ಹೊಳೆ ಮೈಲಿಗೆ ಆಗುತ್ತಾ? ಮೀನೆಲ್ಲಾ ಅದರಲ್ಲೇ ಇದೆಯಲ್ಲ?”

ಕೂಸಿನ ಪ್ರಶ್ನೆಯು ಸಣ್ಣದಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ಶ್ವಾನಸ್ಪರ್ಶಕ್ಕೆ ಸ್ನಾನವನ್ನು ವಿಧಿಸಿರುವುದು ನಿಜ. ಅದೇ ಪರಂಪರೆಯ ರುದ್ರಾಧ್ಯಾಯದಲ್ಲಿ ನಾಯಿಗಳಿಗೂ ನಾಯಿಗಳ ಒಡೆಯರಿಗೂ ನಮಸ್ಕಾರ ಹೇಳಿರುವುದೂ ನಿಜ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಯಾಗಶಾಲೆಗೆ ಒಂದು ನಾಯಿಮರಿ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಹವಿಸ್ಸನ್ನು ನೆಕ್ಕುವುದಿರಲಿ, ತಾನು ಅದರ ಕಡೆಗೆ ನೋಡಲೂ ಇಲ್ಲವೆಂದು ಮರಿಯು ತಾಯಿಯಲ್ಲಿ ಅಳುತ್ತದೆ. ತಾಯಿಯಾದ ಸರಮೆಯು ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದರೆ ಆ ರಾಜಸಭೆಯಲ್ಲಿ ಉತ್ತರ ಹೇಳುವವರಿಲ್ಲ. ಕಾಣದ ಕಡೆಯಿಂದ ಭಯವು ನಿಮಗೆ ಬರಲೆಂದು ಶಪಿಸಿ ಹೋಗುತ್ತಾಳೆ. ಕೊನೆಗೆ ಮಹಾಪ್ರಸ್ಥಾನದಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲವೆಂಬುದನ್ನು ಯಾರು ಅರಿಯರು? ಅಷ್ಟು ದೊಡ್ಡ ಗ್ರಂಥದ ಹೊಸ್ತಿಲಲ್ಲಿ ಒಂದು ನಾಯಿ, ಹಿತ್ತಿಲ ಬಾಗಿಲಲ್ಲಿ ಇನ್ನೊಂದು.

ತೀರ್ಥವೆಂಬ ಮಾತನ್ನೇ ವಿಚಾರಿಸೋಣ. ದಾಟು ಎಂಬರ್ಥದ ತೄ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಮೂಲದಲ್ಲಿ ಹೊಳೆಗಿಳಿಯುವ, ಹೊಳೆಯನ್ನು ದಾಟುವ ಸ್ಥಳವೆಂದೇ ಅರ್ಥ. ಅಮರಸಿಂಹನು ಋಷಿಗಳು ಸೇವಿಸಿದ ಜಲವೆಂದೂ ಗುರುವೆಂದೂ ಈ ಪದಕ್ಕೆ ಅರ್ಥ ಹೇಳುವಲ್ಲಿಯೇ ನಿಪಾನವೆಂದೂ ಹೇಳಿದ್ದಾನೆ. ನಿಪಾನವೆಂದರೆ ದನಕರುಗಳು ನೀರು ಕುಡಿಯಲೆಂದು ಬಾವಿಯ ಬಳಿ ಕಟ್ಟಿದ ತೊಟ್ಟಿ. ಋಷಿಗೂ ಗುರುವಿಗೂ ಎಮ್ಮೆಗೂ ಒಂದೇ ಪದದಲ್ಲಿ ಎಡೆ ಕೊಟ್ಟ ಆ ಕೋಶಕಾರನು ನಮ್ಮ ಕರಿಯನನ್ನು ಹೊರಕ್ಕೆ ಅಟ್ಟುತ್ತಿರಲಿಲ್ಲವೆಂದು ನಮ್ಮ ನಂಬಿಕೆ. ಇಷ್ಟಾದರೂ ಆ ತಾಯಿಯ ಮಾತೇ ಸರಿಯಾದುದು. ಜನರು ಬೊಗಸೆಯಲ್ಲಿ ನೀರೆತ್ತಿ ಕುಡಿಯುವ ಕಡೆಯಲ್ಲಿ ನಾಯಿಯನ್ನು ಇಳಿಸಬಾರದು. ಇಲಿಜ್ವರದಂಥ ರೋಗಗಳು ಪ್ರಾಣಿಯ ಮೂತ್ರದಿಂದ ನೀರಿಗೂ ನೀರಿನಿಂದ ಮನುಷ್ಯನಿಗೂ ದಾಟಬಲ್ಲುವು. ಆದುದರಿಂದ ಘಟ್ಟದ ಕೆಳಗೆ ನಾಯಿ, ಮೇಲೆ ಜನ. ಆದರೆ ಅದೇ ಘಟ್ಟದಲ್ಲಿ ಶಾಂಪುವಿನ ಖಾಲಿ ಚೀಟಿಗಳನ್ನೂ ಹಳೆಯ ಬಟ್ಟೆಗಳನ್ನೂ ಹೊಳೆಗೆ ಎಸೆದು, ನಾಯಿಯನ್ನು ಕಂಡಾಗ ಮಾತ್ರ ಮಡಿಯನ್ನು ನೆನೆಯುವವರ ವಿಷಯದಲ್ಲಿ ನಮಗೆ ಹೇಳತಕ್ಕ ಮಾತು ಬೇರೆ ಉಂಟು. ಈ ಪತ್ರಿಕೆಯು ಮಕ್ಕಳ ಕೈಗೂ ಹೋಗುವುದರಿಂದ ಅದನ್ನು ಬರೆಯುವುದಿಲ್ಲ.

ಕೆಳಗಣ ಮಳಲಿನಲ್ಲಿ ನಮ್ಮ ಪರಿಚಯದ ಅಂಬಿಗನೊಬ್ಬನು ಕಾದಿದ್ದನು. ಹೊಳೆಯ ಹೊಟ್ಟೆಯಲ್ಲಿ ಏನಿದೆಯೆಂಬುದನ್ನು ಮೇಲಿನ ಸುಕ್ಕು ನೋಡಿ ಹೇಳಬಲ್ಲ ಅಂಥವರನ್ನು ಕೇಳದೆ ಹೊಸ ನೀರಿಗೆ ಇಳಿಯಬಾರದು. ನುಣ್ಣಗೆ ಹೊಳೆಯುತ್ತಾ ಸದ್ದಿಲ್ಲದೆ ಹೋಗುವ ನೀರನ್ನು ನಂಬಬೇಡಿರೆಂದೂ, ಬುಳುಬುಳು ಎನ್ನುವ ತೆಳುನೀರೇ ವಾಸಿಯೆಂದೂ ಅವನು ಮಕ್ಕಳಿಗೆ ಬೋಧಿಸಿದನು. ಮರಳು ತೆಗೆದ ಗುಂಡಿಗಳೆಂದರೆ ಅವನಿಗೆ ಸುಳಿಗಿಂತಲೂ ಭಯ. ಎರಡು ಹೆಜ್ಜೆ ಮೊಣಕಾಲುದ್ದವಿದ್ದು ಮೂರನೆಯ ಹೆಜ್ಜೆಗೆ ತಲೆ ಮುಳುಗುವುದೆಂದರೆ ಯಾವ ಈಜುಗಾರನೂ ದಿಗಿಲುಬೀಳುವನು. ಸ್ಥಳದ ಆಯ್ಕೆಯಲ್ಲಿ ಇನ್ನೂ ಕೆಲವನ್ನು ನೋಡಬೇಕು. ಶೃಂಗೇರಿಯ ಘಟ್ಟ, ನಮ್ಮ ತಾಲ್ಲೂಕಿನ ಚಿಬ್ಬಲಗುಡ್ಡೆ, ಇಂಥ ಮೀನು ಕಾಯುವ ಮಡುಗಳಲ್ಲಿ ನಾಯಿಗೆ ಕೆಲಸವಿಲ್ಲ. ಕಾವೇರಿಯ ರಂಗನತಿಟ್ಟಿನಂತೆ ಮೊಸಳೆಯಿರುವ ಕಡೆಯಂತೂ ಹೇಳಲೇಬೇಕಾಗಿಲ್ಲ. ನಿಂತ ಕೆರೆಯ ಮೇಲೆ ಹಸುರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಅದರಲ್ಲಿ ವಿಷವಿರಬಹುದು. ನಾಯಿಯು ಅದನ್ನು ಕುಡಿಯುವುದಲ್ಲದೆ ಮೈ ನೆಕ್ಕಿಕೊಂಡೂ ನುಂಗುತ್ತದೆ.

ನಾಲ್ಕು ಗಂಟೆಯಾಗಿದ್ದರೂ ಬಂಡೆಯ ಮೇಲೆ ಅಂಗೈಯ ಹಿಂಭಾಗವನ್ನು ಇಟ್ಟು ಐದು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ನಮ್ಮ ಕೈ ತಡೆಯದುದನ್ನು ನಾಯಿಯ ಅಂಗಾಲೂ ತಡೆಯದು. ಹೊಳೆಮತ್ತಿಯ ನೆರಳು ಬಿದ್ದ ಮಳಲ ಮೇಲಿಂದ ಅವನ್ನು ನೀರಿನ ಬಳಿಗೆ ಕರೆದೊಯ್ದೆವು. ಕಬ್ಬಿಣದ ಸರಪಳಿ ಬಂಡೆಯ ಸಂದಿಗೆ ಸಿಕ್ಕಿಕೊಳ್ಳುವುದೆಂದು ಕಳಚಿ, ಬ್ರೂನೊಗೆ ಎದೆಪಟ್ಟಿಯನ್ನೂ ಉದ್ದನೆಯ ಹಗುರ ಹಗ್ಗವನ್ನೂ ಕಟ್ಟಿದೆವು.

ಆಮೇಲೆ ನಡೆದುದನ್ನು ನೋಡಿ ನಾವು ಬೆರಗಾದೆವು. ಹುಟ್ಟಿದಂದಿನಿಂದ ಹೊಳೆಯನ್ನು ಕಾಣದ ಬ್ರೂನೊ ಮೂಗನ್ನು ಗಾಳಿಗೆತ್ತಿ, ಒಂದೆರಡು ಸಲ ಕುಂಯ್‌ಗುಟ್ಟಿ, ಮೆಲ್ಲಗೆ ಎದೆಯವರೆಗೆ ಇಳಿದನು. ಮೊದಲಿಗೆ ಮುಂಗಾಲುಗಳನ್ನು ನೀರಿನ ಮೇಲಕ್ಕೆತ್ತಿ ಪಟಪಟನೆ ಬಡಿದನು, ಹಿಂಭಾಗವು ಮುಳುಗತೊಡಗಿತು. ಹೊಸ ಈಜಿನ ನಾಯಿಗಳೆಲ್ಲಾ ಹೀಗೆಯೇ. ಅಂಬಿಗನು ಹೊಟ್ಟೆಯ ಕೆಳಗೆ ಕೈಯೊಡ್ಡಿ ಹಿಂಭಾಗವನ್ನು ಎತ್ತಿಹಿಡಿದ ಕೂಡಲೆ ಬೆನ್ನು ಮಟ್ಟವಾಯಿತು, ಕಾಲುಗಳು ನೀರೊಳಕ್ಕೆ ಇಳಿದುವು, ಬಡಿತ ನಿಂತು ಈಜು ಹುಟ್ಟಿತು. ನೆಲದ ಮೇಲೆ ಕುಕ್ಕುಲೋಟದಲ್ಲಿ ಹೋಗುವಾಗ ಕಾಲಾಡಿಸುವ ರೀತಿಯಲ್ಲಿಯೇ ನೀರಿನಲ್ಲಿಯೂ ಆಡಿಸುತ್ತಾ, ಬಾಲವನ್ನು ಚುಕ್ಕಾಣಿಯಂತೆ ಹಿಂದೆ ನೀಡಿ, ತಲೆಯನ್ನು ಮಾತ್ರ ಮೇಲಿಟ್ಟು ಹೋಗುತ್ತಿದ್ದ ಆ ಹೊಂಬಣ್ಣದ ಪ್ರಾಣಿಯ ಮುಖದಲ್ಲಿ ಕಂಡ ಗಾಂಭೀರ್ಯವು ಪರೀಕ್ಷೆಗೆ ಕುಳಿತ ಬುದ್ಧಿವಂತ ಹುಡುಗನದು. ಮೊಮ್ಮಗಳು ಚೆಂಡನ್ನು ಎಸೆದಳು, ತಂದನು. ಮತ್ತೆ ಎಸೆದಳು, ತಂದನು. ಏಳೆಂಟು ಸಲಕ್ಕೆ ನಾವು ನಿಲ್ಲಿಸಿದೆವು. ಬಾಯಿ ತೆರೆದು ಚೆಂಡು ಕಚ್ಚುವಾಗಲೆಲ್ಲಾ ನಾಯಿಯು ನೀರು ನುಂಗುತ್ತದೆ. ಅತಿಯಾದರೆ ರಕ್ತದ ಉಪ್ಪಿನಂಶವು ತೆಳುವಾಗಿ ತಲೆತಿರುಗಿ ಬೀಳುವುದೂ ಉಂಟು. ತನಗೆ ಸಾಕಾಯಿತೆಂದು ಈ ಜಾತಿಯವನು ಎಂದಿಗೂ ಹೇಳನು. ಎಸೆಯುವವರೇ ಹೇಳಬೇಕು.

ಕರಿಯನ ರೀತಿಯೇ ಬೇರೆ. ನಮ್ಮ ನಾಡುನಾಯಿ ಮೈಯಲ್ಲಿ ಕೊಬ್ಬಿಲ್ಲದ, ತೆಳು ಕೂದಲಿನ ಪ್ರಾಣಿ. ಮುಧೋಳದ ಬೇಟೆನಾಯಿಗಳಂತೆ ಇವೂ ಓಟಕ್ಕೆ ಒಗ್ಗಿದವು, ತೇಲುವುದಕ್ಕಲ್ಲ. ಅವನು ನೀರಿನಂಚಿನಲ್ಲಿ ಎರಡು ಸುತ್ತು ಬಂದು, ಹೊಟ್ಟೆ ನೆನೆಯುವಷ್ಟು ಆಳದಲ್ಲಿ ಎಮ್ಮೆಯಂತೆ ಮಲಗಿ, ಕಣ್ಣು ಮುಚ್ಚಿದನು. ಐದೇ ನಿಮಿಷದಲ್ಲಿ ತೇಕು ನಿಂತಿತು. ಹದಿನೈದು ದಿನದಿಂದ ಹೊರಗೇ ನೇತಾಡುತ್ತಿದ್ದ ನಾಲಗೆಯು ಒಳಕ್ಕೆ ಹೋದುದನ್ನು ನೋಡಿ ನಮಗೇ ಮೈ ತಂಪಾದಂತಾಯಿತು. ಈಜದಿದ್ದರೇನಂತೆ? ಹೊಳೆಯಿಂದ ಅವನಿಗೆ ಬೇಕಾದುದು ಅಷ್ಟೇ. ಪಕ್ಕದ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ಇದೇ ತುಂಗೆಯಲ್ಲಿ ಮೀಯಿಸುವುದನ್ನು ನೋಡಲು ದೂರದೂರದಿಂದ ಜನರು ಹಣ ತೆತ್ತು ಬರುತ್ತಾರೆ. ಆ ಆನೆಗಳೂ ಹೀಗೆಯೇ ಮಗ್ಗುಲಾಗಿ ಕಣ್ಣು ಮುಚ್ಚುವುವು.

ಅಷ್ಟರಲ್ಲಿ ಮೊಮ್ಮಗನು ಅಂಬಿಗನೊಡನೆ ನಡುನೀರಿನ ಒಂದು ಬಂಡೆಗೆ ಈಜಿಹೋಗಿದ್ದನು. ಬೆಂಗಳೂರಿನಲ್ಲಿ ಕ್ರಮವಾಗಿ ಈಜು ಕಲಿತ ಹುಡುಗ. ಅಂಬಿಗನೂ ಜೊತೆಗಿದ್ದುದರಿಂದ ಭಯವಿರಲಿಲ್ಲ. ಬಂಡೆಯಿಂದ ಜಿಗಿದು ಮುಳುಗು ಹಾಕಿದನು. ಮುಳುಗಿದವನು ಏಳುವುದರೊಳಗೆ, ಇದುವರೆಗೆ ನಿದ್ರೆಯಲ್ಲಿದ್ದಂತೆ ತೋರುತ್ತಿದ್ದ ಕರಿಯನು ಎದ್ದು ನಿಂತನು, ಒಮ್ಮೆ ಬೊಗಳಿದನು, ನೆಟ್ಟಗೆ ಹೊಳೆಗೆ ಹಾರಿದನು. ಹುಡುಗನು ಮುಳುಗಿಹೋದನೆಂದೇ ಅವನು ತಿಳಿದಿರಬೇಕು. ಹುಡುಗನು ಆಚೆ ಕಡೆಯಲ್ಲಿ ಎದ್ದು, ಬಂಡೆಯೇರಿ, ಇದನ್ನು ಕಂಡು “ಕರಿಯಾ, ಬಾ, ಬಾ!” ಎಂದು ಕೂಗತೊಡಗಿದನು.

ಕೂಗೇ ಅಪಾಯವಾಯಿತು. ಬಂಡೆಯು ಕರಿಯನಿದ್ದ ಕಡೆಯಿಂದ ಮೇಲುಹೊಳೆಗಿತ್ತು. ನಡುವೆ ಸೆಳವು. ಕೆಳಗೆ ನಲವತ್ತು ಗಜದ ದೂರದಲ್ಲಿ ಆಚೆಯ ದಡದ ಮಗ್ಗುಲಿಗೆ ನೀರೆಲ್ಲಾ ಎರಡು ಬಂಡೆಗಳ ಸಂದಿನಲ್ಲಿ ನುಗ್ಗಿ ಬೀಳುತ್ತಿತ್ತು. ಮನುಷ್ಯನಾಗಿದ್ದರೆ ಸೆಳವನ್ನು ಓರೆಯಾಗಿ ದಾಟುವ ಯೋಚನೆ ಮಾಡುತ್ತಿದ್ದನು. ನಾಯಿಯು ನೀರಿನ ಲೆಕ್ಕ ಮಾಡುವುದಿಲ್ಲ. ದನಿ ಎಲ್ಲಿಂದ ಬರುವುದೋ ಅಲ್ಲಿಗೆ ಮೂಗು ತಿರುಗಿಸಿ ಹೊರಡುತ್ತದೆ. ಕರಿಯನು ಸೆಳವಿಗೆ ಎದುರಾಗಿ ಈಜುತ್ತಲೇ ಇದ್ದನು, ಇದ್ದಲ್ಲಿಯೇ ಇದ್ದನು. ನೋಡನೋಡುತ್ತಿದ್ದಂತೆ ನೀರಿನ ಮೇಲೆ ಕಾಣುತ್ತಿದ್ದ ಬೆನ್ನು ಮರೆಯಾಗಿ ತಲೆ ಮಾತ್ರ ಉಳಿಯಿತು. ಮೊಮ್ಮಗಳು ಅಳತೊಡಗಿದಳು. ನಮ್ಮ ಮಗಳು ಸೆರಗು ಕಟ್ಟಿ ನೀರಿಗಿಳಿಯಲು ಮುಂದಾದಳು.

“ಇಳೀಬೇಡಿ ಅಮ್ಮಾ!” ಎಂದು ಅಂಬಿಗನು ಬಂಡೆಯ ಮೇಲಿಂದ ಗುಡುಗಿದನು. “ಅಪ್ಪೀ, ನೀನು ಕೂಗಬೇಡ, ಬಾಯಿ ಮುಚ್ಚು! ಮೇಷ್ಟ್ರೇ, ನೀವು ಕೆಳಗೆ ಓಡಿ! ಆ ನೇರಳೆ ಮರದ ಹತ್ತಿರ ನಿಂತು ಕರೀರಿ!”

ನಿವೃತ್ತರಾದ ಮೇಲೆ ನಾವು ಓಡಿದ್ದು ಅದೇ ಮೊದಲು. ಪಂಚೆ ಎತ್ತಿ ಕಟ್ಟಿ, ಈಚೆಯ ದಡದ ಗುಂಟ ಇಪ್ಪತ್ತು ಗಜ ಓಡಿ, ನೇರಳೆಯ ಬೇರನ್ನು ಹಿಡಿದುಕೊಂಡು, ಮೂವತ್ತೈದು ವರ್ಷ ತರಗತಿಯ ಕೊನೆಯ ಬೆಂಚಿಗೆ ಮುಟ್ಟಿಸಿದ ಕಂಠದಿಂದ ಕರಿಯನನ್ನು ಕೂಗಿದೆವು. ಮೇಲಿನ ಕೂಗು ನಿಂತಿತ್ತು. ಎರಡನೆಯ ಸಲ ಕೂಗಿದಾಗ ಆ ಕಪ್ಪು ತಲೆಯ ಎರಡು ಕಿವಿಗಳೂ ನಮ್ಮ ಕಡೆಗೆ ಹೊರಳಿದುವು. ಮೂರನೆಯ ಸಲಕ್ಕೆ ಮೂಗು ಹೊರಳಿತು. ಮೂಗು ಹೊರಳಿದುದೇ ತಡ, ಇದುವರೆಗೆ ಶತ್ರುವಾಗಿದ್ದ ಸೆಳವೇ ಅವನನ್ನು ಹೊತ್ತುಕೊಂಡು ಓರೆಯಾಗಿ ನಮ್ಮ ಕಡೆಗೆ ತಂದಿತು. ನೇರಳೆಯ ಬುಡದ ತೆಳುನೀರಿನಲ್ಲಿ ಅವನ ಕಾಲು ನೆಲಕ್ಕೆ ತಾಗಿತು. ಮೇಲಕ್ಕೆ ಬಂದವನು ಮೈ ಕೊಡವಲೂ ಶಕ್ತಿಯಿಲ್ಲದೆ ನಮ್ಮ ಪಾದದ ಮೇಲೆ ಗದ್ದವಿಟ್ಟು ಮಲಗಿಬಿಟ್ಟನು. ಎದೆಯು ಕುಲುಮೆಯ ತಿದಿಯಂತೆ ಹಾರುತ್ತಿತ್ತು. ಆದರೂ ಕಣ್ಣು ಮಾತ್ರ ಹುಡುಗನಿದ್ದ ಬಂಡೆಯ ಮೇಲೆಯೇ.

ಋಗ್ವೇದದ ಹತ್ತನೆಯ ಮಂಡಲದ ೧೦೮ನೆಯ ಸೂಕ್ತದಲ್ಲಿ ದೇವಶುನಿಯಾದ ಸರಮೆಗೂ ಪಣಿಗಳಿಗೂ ನಡೆದ ಸಂವಾದವುಂಟು. ಪಣಿಗಳು ಅಪಹರಿಸಿದ ಗೋವುಗಳನ್ನು ಹುಡುಕಲು ಇಂದ್ರನು ಸರಮೆಯನ್ನು ಕಳುಹಿಸುತ್ತಾನೆ. ಅವಳನ್ನು ಕಂಡು ಪಣಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ರಸಾ ನದಿಯ ನೀರನ್ನು ಹೇಗೆ ದಾಟಿ ಬಂದೆಯೆಂಬುದು. ಆ ಸೂಕ್ತವನ್ನು ಚಿಕ್ಕಂದಿನಲ್ಲಿ ಗುರುಗಳ ಬಳಿ ಓದಿದಾಗ ಆ ಪ್ರಶ್ನೆಯನ್ನು ಲೋಕಾಭಿರಾಮದ ಮಾತೆಂದು ಭಾವಿಸಿ ಮುಂದಕ್ಕೆ ಹೋಗುತ್ತಿದ್ದೆವು. ನೇರಳೆಯ ಬುಡದಲ್ಲಿ ನಿಂತಾಗ ಅದರ ತೂಕ ತಿಳಿಯಿತು. ಗೋವುಗಳು ಸರಮೆಯವಲ್ಲ; ನದಿಯನ್ನು ದಾಟಿದ ಕಷ್ಟ ಮಾತ್ರ ಅವಳದು. ಈ ತುಂಗೆಯ ನೀರೇ ಮುಂದೆ ಹರಿದುಹೋಗುವ ವಿಜಯನಗರದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಕುಳಿತು ಸಾಯಣಾಚಾರ್ಯರು ಆ ವೇದಕ್ಕೆ ಭಾಷ್ಯವನ್ನು ಬರೆದರು. ಅವಳ ಹೆಸರಿನಿಂದಲೇ ನಾಯಿಗೆ ಸಾರಮೇಯನೆಂದು ಹೆಸರಾಯಿತು.

ಇನ್ನೊಂದು ನಾಯಿಯು ಈ ತಾಲ್ಲೂಕಿನದೇ. ಕುಪ್ಪಳಿಯಲ್ಲಿ ಬೆಳ್ದ ಕುವೆಂಪು ಅವರು ೧೯೬೭ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಗುತ್ತಿಯ ನಾಯಿ ಹುಲಿಯನ ನೆನಪು ಮಾಸಲಾರದು. ಆರಂಭದಿಂದ ಒಡೆಯನ ನೆರಳಾಗಿ ನಡೆದ ಆ ನಾಯಿಯು ಕೊನೆಯಲ್ಲಿ ಮಳೆಗಾಲದ ತುಂಬು ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ನಾವು ತರಗತಿಯಲ್ಲಿ ಆ ಭಾಗವನ್ನು ಓದಿ ಹೇಳುವಾಗ ಹುಡುಗರಲ್ಲಿ ಸದ್ದಡಗುತ್ತಿತ್ತು. ಕೆಲವರು ಕೇಳುವರು: ನೀರು ಅಷ್ಟು ತುಂಬಿದೆಯೆಂದು ಅದಕ್ಕೆ ಕಾಣಿಸಲಿಲ್ಲವೆ, ಸಾರ್? ಕಾಣಿಸದೆ ಏನು! ಒಡೆಯನು ನೀರಿನ ಕಡೆಗೆ ಹೋದರೆ ನಾಯಿಗೆ ಅದು ನೀರಲ್ಲ, ದಾರಿ. ಆದುದರಿಂದ ಸಾಕಿದವನು ತಾನು ಯಾವ ದಡದಲ್ಲಿ ನಿಲ್ಲಬೇಕು, ಎಲ್ಲಿಂದ ಕರೆಯಬೇಕು ಎಂಬುದನ್ನು ನೀರಿಗೆ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಮೇಲುಹೊಳೆಯಿಂದ ಎಂದಿಗೂ ಕರೆಯಲಾಗದು. ಹೋಗುತ್ತಿರುವ ನಾಯಿಯ ಹಿಂದೆ ತಾನೂ ಹಾರುವುದಂತೂ ಕೂಡದೇ ಕೂಡದು. ನಾಯಿಯು ಈಜಿ ದಡ ಸೇರಿ, ಅದನ್ನು ಉಳಿಸಲು ಇಳಿದವನು ಮೇಲೇಳದ ಸುದ್ದಿಗಳನ್ನು ಬೇಸಗೆಯ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಹುಡುಗನು ಅಂಬಿಗನೊಡನೆ ಈಜಿ ಬಂದು ಕರಿಯನನ್ನು ತಬ್ಬಿಕೊಂಡನು, ಮಾತಾಡಲಿಲ್ಲ. ನಾವೂ ಏನನ್ನೂ ಹೇಳಲಿಲ್ಲ. ಅವಲಕ್ಕಿಯಲ್ಲಿ ತನ್ನ ಪಾಲಿನ ಮೊಸರನ್ನೆಲ್ಲಾ ಅವನು ನಾಯಿಗೆ ಬಡಿಸಿದುದನ್ನು ಕಂಡರೂ ಕಾಣದಂತಿದ್ದೆವು. ಆ ಬಳಿಕ ಎರಡು ನಾಯಿಗಳನ್ನೂ ಕೊಡದಲ್ಲಿ ತಂದಿದ್ದ ಬಾವಿನೀರಿನಿಂದ ತೊಳೆದು, ಹಳೆಯ ಪಂಚೆಯಿಂದ ಒರಸಿ, ಬೆರಳುಗಳ ಸಂದಿಯಲ್ಲಿಯೂ ಕಿವಿಯ ಹಿಂದೆಯೂ ಉಣುಗನ್ನು ಹುಡುಕಿದೆವು. ಬ್ರೂನೊನಂತೆ ಜೋಲುಗಿವಿಯ ನಾಯಿಗಳಿಗೆ ಕಿವಿಯೊಳಗೆ ತೇವ ನಿಂತರೆ ಕೀವಾಗುವುದುಂಟಾದುದರಿಂದ ಒಣಬಟ್ಟೆಯನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಒರಸಬೇಕು. ಇಲಿಜ್ವರಕ್ಕೂ ಹುಚ್ಚುರೋಗಕ್ಕೂ ಚುಚ್ಚುಮದ್ದು ಹಾಕಿಸದ ನಾಯಿಯನ್ನು ಹೊಳೆಗೆ ತರುವ ಮಾತೇ ಬೇಡ.

ಮಾರನೆಯ ಬೆಳಗ್ಗೆ ಮನೆಯಲ್ಲಿ ಕೋಲಾಹಲ. ಬ್ರೂನೊನ ಬಾಲವು ಬುಡದಿಂದ ನಾಲ್ಕು ಅಂಗುಲ ನೆಟ್ಟಗಿದ್ದು ಅಲ್ಲಿಂದ ಮುಂದಕ್ಕೆ ಒದ್ದೆ ಹಗ್ಗದಂತೆ ಜೋತುಬಿದ್ದಿತ್ತು! ಮುಟ್ಟಿದರೆ ಕುಂಯ್‌ಗುಟ್ಟುವನು. ಬಾಲವೇ ಮುರಿಯಿತೆಂದು ಮಕ್ಕಳು ಕಂಗಾಲಾದರು. ಪಶುವೈದ್ಯರು ನೋಡಿ ನಕ್ಕುಬಿಟ್ಟರು. ಅಭ್ಯಾಸವಿಲ್ಲದ ನಾಯಿಯು ಬಹಳ ಹೊತ್ತು ಈಜಿದರೆ ಬಾಲದ ಬುಡದ ಸ್ನಾಯುಗಳು ನೊಂದು ಹೀಗಾಗುವುದೆಂದೂ, ಬೇಟೆನಾಯಿಗಳಲ್ಲಿ ಇದು ಮಾಮೂಲೆಂದೂ, ಕೆಲವು ದಿನದ ವಿಶ್ರಾಂತಿಯೇ ಮದ್ದೆಂದೂ ಹೇಳಿದರು. ನಾಯಿಯ ಬಾಲವು ಡೊಂಕೆಂದು ದೂರುವ ಗಾದೆಯನ್ನು ಸಾವಿರ ಸಲ ಕೇಳಿದ್ದೆವು. ಅದು ಡೊಂಕಾಗಲೆಂದು ಮನೆಮಂದಿಯೆಲ್ಲಾ ಹಾರೈಸಿ ಕುಳಿತುದು ಇದೇ ಮೊದಲು. ನಾಲ್ಕನೆಯ ದಿನ ಮಧ್ಯಾಹ್ನ, ಹಲಸಿನ ಹಪ್ಪಳ ಕರಿಯುವ ವಾಸನೆಗೆ, ತುದಿಯು ಒಂದಿಷ್ಟು ಆಡಿತು.

ರಜೆ ಮುಗಿಯುವುದರೊಳಗೆ ಇನ್ನೂ ಮೂರು ಸಲ ಹೋಗಿಬಂದೆವು. ಕರಿಯನಿಗೂ ಎದೆಪಟ್ಟಿ ಹೊಲಿಸಿದೆವು. ಹೊಟ್ಟೆ ನೆನೆಯುವ ನೀರನ್ನು ಅವನು ದಾಟಲಿಲ್ಲ. ಮಕ್ಕಳು ಹೊರಟುಹೋದ ಮೇಲೆ ಒಂದು ಸಂಜೆ ಗುಡುಗಿ ಮೊದಲ ಮಳೆ ಬಿತ್ತು. ಎರಡು ವಾರದಲ್ಲಿ ಹೊಳೆಯ ನೀರು ಕೆಂಪಗಾಗಿ, ನೇರಳೆಯ ಬೇರನ್ನು ಮುಟ್ಟಿ, ಹುಡುಗನು ಜಿಗಿದ ಬಂಡೆಯನ್ನು ಮುಚ್ಚಿತು. ಅಂಬಿಗನು ದೋಣಿಯನ್ನು ಮೇಲಕ್ಕೆಳೆದು ಕಟ್ಟಿದ್ದಾನೆ. ಕರಿಯನು ನಮ್ಮೊಡನೆ ದಡದವರೆಗೆ ಬರುತ್ತಾನೆ. ಆ ಬಂಡೆಯಿದ್ದ ಕಡೆಗೆ ಸ್ವಲ್ಪ ಹೊತ್ತು ನೋಡುತ್ತಾನೆ. ನಾವು ತಿರುಗಿದ ಮೇಲೆ ತಾನೂ ತಿರುಗುತ್ತಾನೆ.